ಕೆಂಪು ಚೀಲದ ಜಿಪ್

ಮೇ 4, ಮಧ್ಯಾಹ್ನ

ಊಟದ ಬಿಡುವು. ಬೆಳಿಗ್ಗೆಯಿಂದ ಕನ್ನಡಕದ ಗಾಜು ಉಜ್ಜಿದ್ದೇ ಉಜ್ಜಿದ್ದು. ಕೊನೆಯದನ್ನು ಫ್ರೇಮಿಗೆ ಕೂರಿಸುವಾಗ ಚಟ್ ಎಂದಿತು. ಅಂಗಡಿ ಯಜಮಾನರು ಗೋಡೆಯ ಕ್ಯಾಲೆಂಡರ್ ನೋಡಿ ನಿಟ್ಟುಸಿರು ಬಿಟ್ಟರು. ನಾಳೆ ರಜೆಗೆ ಹೋಗುವವಳ ಮನಸ್ಸು ಮೇಜಿನ ಮೇಲಿರುವುದಿಲ್ಲ ಎಂದು ಅವರಿಗೂ ಗೊತ್ತು.

ಪೈಲ್ವಾನಳ ಫೋನು, ಮತ್ತೆ ಮತ್ತೆ. ಲಿಫ್ಟ್ ರಿಪೇರಿ ಅವಳ ಕೆಲಸ. ಯಾವುದೋ ಕಟ್ಟಡದಲ್ಲಿ ಲಿಫ್ಟಿನ ತಲೆಯ ಮೇಲೆ ಕೂತೇ ಮಾತಾಡುತ್ತಿದ್ದಳು. ಜೋರು ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಾಳೆ. ಅದಕ್ಕೇ ಶಾಲೆಯಲ್ಲಿ ಆ ಹೆಸರಿಟ್ಟೆವು.

"ಟೆಂಟ್ ಬಟ್ಟೆ ನಿಂದು, ಕಡ್ಡಿ ನಂದು. ಪಂಪ್ ನಿಂದು, ಟ್ಯೂಬ್ ನಂದು. ಗೊತ್ತಲ್ಲ?"

ಗೊತ್ತು. ಪ್ರತಿ ಬೇಸಿಗೆಯ ಸೈಕಲ್ ಪ್ರವಾಸಕ್ಕೂ ಅವಳದು ಇದೇ ಕಾನೂನು. ಎಷ್ಟು ಜಗಳವಾಡಿದರೂ ಒಬ್ಬಳನ್ನು ಬಿಟ್ಟು ಒಬ್ಬಳು ಹೋಗುವ ಹಾಗಿಲ್ಲ. ಹಂಚಿಕೊಳ್ಳದೆ ಇರುವುದು ಒಂದೇ — ಅವಳ ಕೆಂಪು ಚೀಲ. ಅದು ಅವಳ ಸೈಕಲ್ಲಿನ ಹ್ಯಾಂಡಲ್ಲಿಗೇ. ಒಳಗೆ ಗ್ಲೂಕೋಸ್, ಚಾಕೊಲೇಟ್, ಒಣದ್ರಾಕ್ಷಿ. ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಚುಚ್ಚಿಕೊಂಡ ಮೇಲೆ ತಿನ್ನದಿದ್ದರೆ ಸಕ್ಕರೆ ಕುಸಿದು ಮುಗಿಯಿತು ಕಥೆ.

ಮೇ 5, ಬೆಳಿಗ್ಗೆ

ಪೈಲ್ವಾನಳ ಅಕ್ಕ ಬಾಗಿಲಲ್ಲಿ ನಿಂತು ನನ್ನ ಹೆಲ್ಮೆಟ್ಟಿನ ಪಟ್ಟಿ ತಾವೇ ಬಿಗಿದರು. "ನಿನ್ನ ನಂಬಿ ಕಳಿಸ್ತಿದೀನಿ ಕಣೇ. ತಿಂದ್ಳಾ ಅಂತ ನೋಡ್ತಿರು."

"ಅಕ್ಕಾ, ನಂಗೆ ನಲವತ್ತು ದಾಟಿದೆ," ಎಂದಳು ಪೈಲ್ವಾನ್.

"ಅದಕ್ಕೇ ಹೇಳಿದ್ದು."

ಬೀದಿ ತಿರುವಿನವರೆಗೂ ಪೈಲ್ವಾನ್ ಗೊಣಗುತ್ತಲೇ ಇದ್ದಳು. ಆಮೇಲೆ ಸೀಟಿ ಹೊಡೆಯತೊಡಗಿದಳು.

ಮೇ 7, ಸಂಜೆ

ಎರಡು ದಿನ ಬರೆಯಲಾಗಲಿಲ್ಲ. ಕೈಯಲ್ಲಿ ಪೆನ್ನು ನಿಲ್ಲದಷ್ಟು ಸುಸ್ತು.

ಕಾಡು ಶುರುವಾಗಿದೆ. ಮರ ಸಾಗಿಸುವ ಹಳೆಯ ಮಣ್ಣುದಾರಿ. ಏರು, ಒಂದು ತಿರುವು, ಮತ್ತೆ ಏರು. ಮರದ ನೆರಳಿದ್ದರೂ ಸೆಕೆ. ಮಧ್ಯಾಹ್ನ ತಿರುಗಿ ನೋಡಿದರೆ ಅವಳಿಲ್ಲ. ಕೆಳಗೆ ದಾರಿಯಂಚಿನಲ್ಲಿ ಕೂತಿದ್ದಾಳೆ, ಮೈಯೆಲ್ಲ ಬೆವರು. ನನ್ನನ್ನು "ಅಕ್ಕಾ" ಎಂದು ಕರೆದಳು. ಯಾವುದೋ ಲಿಫ್ಟು ಮಧ್ಯೆ ನಿಂತಿದೆ, ಜನ ಒಳಗಿದ್ದಾರೆ ಎಂದಳು. ಚಾಕೊಲೇಟ್ ಬಾಯಿಗೆ ತುರುಕಿದೆ. ಸ್ವಲ್ಪ ಹೊತ್ತಿಗೆ ಕಣ್ಣು ತಿಳಿಯಾಯಿತು, ಏನೂ ಆಗಿಲ್ಲವೆಂಬಂತೆ ಎದ್ದಳು.

ನಾನು ಬಿಡಲಿಲ್ಲ. ಸಂಜೆಯವರೆಗೂ ಕೇಳಿದ್ದೇ ಕೇಳಿದ್ದು — ತಿಂದ್ಯಾ, ತಿಂದ್ಯಾ. ಕೊನೆಗೆ ಸೈಕಲ್ ನಿಲ್ಲಿಸಿದಳು.

"ನೋಡು, ಮನೇಲಿ ಅಕ್ಕ, ಕೆಲಸದಲ್ಲಿ ಮೇಸ್ತ್ರಿ, ಇಲ್ಲಿ ನೀನು. ವರ್ಷಕ್ಕೊಂದು ವಾರ ನಾನು ರೋಗಿ ಅಲ್ದೆ ಇರ್ಬೇಕು. ಇನ್ನೊಂದ್ಸಲ ಕೇಳಿದ್ರೆ ವಾಪಸ್ ಹೊರಟೆ."

"ಕೇಳಲ್ಲ."

"ಮಾತು ಕೊಡು."

ಕೊಟ್ಟೆ. ಕೇಳುವುದೇನೂ ಬೇಕಿಲ್ಲ. ಅವಳು ತಿಂದ ಮೇಲೆ ಚೀಲದ ಜಿಪ್ ಹಾಕಿದವಳೇ ಅಲ್ಲ. ಇರುವೆ ನುಗ್ಗುತ್ತವೆ ಎಂದು ಹಿಂದಿನಿಂದ ಹೋಗಿ ಹಾಕುವವಳು ನಾನು. ಜಿಪ್ ತೆರೆದಿದ್ದರೆ ತಿಂದಿದ್ದಾಳೆ, ಅಷ್ಟೇ. ಬಾಯಿ ಮುಚ್ಚಿಕೊಂಡು ಜಿಪ್ ನೋಡುತ್ತಿದ್ದರಾಯಿತು.

ಮೇ 8, ಸಂಜೆ

ಒಳ್ಳೆಯ ದಿನವಾಗಬೇಕಿತ್ತು. ಬೆಟ್ಟದ ನೆತ್ತಿ ಹತ್ತಿದೆವು, ಕಣ್ಣು ಹಾಯಿಸಿದಷ್ಟೂ ಹಸಿರು. ಪೈಲ್ವಾನ್ ಎರಡೂ ಕೈ ಬಿಟ್ಟು ಸೈಕಲ್ ಹೊಡೆದಳು. ಬೈದೆ. ಬೈದದ್ದು ಸೈಕಲ್ಲಿನ ವಿಷಯಕ್ಕೆ, ಊಟದ ವಿಷಯಕ್ಕಲ್ಲ. ಅದಕ್ಕೇ ಅವಳಿಗೆ ಖುಷಿ.

ಇಳಿಜಾರಿನಲ್ಲಿ ಮರದ ಬೇರಿಗೆ ಸಿಕ್ಕಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದೆವು. ನನ್ನ ಮಂಡಿ ಊದಿಕೊಂಡು ಕುಂಬಳಕಾಯಿ. ಅವಳಿಗೆ ತರಚಲೂ ಇಲ್ಲ. ಅವಳ ಸೈಕಲ್ಲಿನ ಹ್ಯಾಂಗರ್ ಮಾತ್ರ ಮುರಿದಿದೆ, ಹಿಂದಿನ ಗೇರು ನೇತಾಡುವ ಬೆರಳುದ್ದದ ತುಂಡು. ಬದಲಿ ತಂದಿದ್ದಾಳೆ, ನನ್ನ ಸೈಕಲ್ಲಿಗೆ ಮಾತ್ರ ಆಗುವುದು. ತನ್ನದು ಮುರಿಯುವುದಿಲ್ಲವೆಂದು ಅವಳಿಗೆ ಖಾತ್ರಿ ಇತ್ತು.

ಕುಂಟಿಕೊಂಡು, ತಳ್ಳಿಕೊಂಡು ಈ ತಂಗುದಾಣಕ್ಕೆ ಬಂದೆವು. ಮೂರು ಕಡೆ ಗೋಡೆ, ತಗಡಿನ ಮಾಡು, ಒಂದು ಬೆಂಚು. ಫೋನಿಗೆ ನೆಟ್‌ವರ್ಕ್ ಇಲ್ಲ. ಕೆಂಪು ಚೀಲದ ಜಿಪ್ ತೆರೆದಿತ್ತು. ಹಾಕಿದೆ.

ಮೇ 9, ಬೆಳಿಗ್ಗೆ

ಅವಳು ಹೋದಳು. ಕೆಳಗಿನ ಪೇಟೆಯಲ್ಲಿ ಸೈಕಲ್ ಅಂಗಡಿ ಇದೆಯಂತೆ. ಹ್ಯಾಂಗರ್ ತರುತ್ತಾಳೆ, ನನಗೊಂದು ಜೀಪನ್ನೂ. ನನ್ನ ಸೈಕಲ್ ತಗೊಂಡಳು. ಹಗುರವಾಗಲಿ ಎಂದು ಅದರ ಚೀಲಗಳನ್ನೆಲ್ಲ ನಾನೇ ಬಿಚ್ಚಿಕೊಟ್ಟೆ.

ಎದ್ದ ಕೂಡಲೇ ಇನ್ಸುಲಿನ್ ಚುಚ್ಚಿಕೊಂಡಿದ್ದಳು. ನೋಡಿದ್ದೆ. ಹೊರಡುವಾಗ ನಾಲಗೆ ತುದಿಯವರೆಗೂ ಬಂತು. ಅವಳಿಗೂ ಗೊತ್ತಾಯಿತು, ಹುಬ್ಬೇರಿಸಿ ಕಾದಳು. ನುಂಗಿಕೊಂಡೆ.

"ಭೇಷ್," ಎಂದಳು. "ದಾರೀಲಿ ತಿಂತೀನಿ ಬಿಡೇ."

ಸೀಟಿ ತಿರುವಿನವರೆಗೂ ಕೇಳಿಸಿತು.

ಮೇ 9, ಒಂಬತ್ತೂವರೆ

ಕೆಂಪು ಚೀಲ ಇಲ್ಲೇ ಇದೆ.

ಅವಳ ಸೈಕಲ್ಲಿನ ಹ್ಯಾಂಡಲ್ಲಿನಲ್ಲಿ. ಅವಳು ಹೋದದ್ದು ನನ್ನ ಸೈಕಲ್ಲಿನಲ್ಲಿ. ಜಿಪ್ ಮುಚ್ಚಿಯೇ ಇದೆ — ನಿನ್ನೆ ನಾನು ಹಾಕಿದ ಹಾಗೇ. ಬ್ರೆಡ್ಡು, ಬಿಸ್ಕತ್ತು, ಬಾಳೆಹಣ್ಣು ಎಲ್ಲ ನನ್ನ ಪಕ್ಕದಲ್ಲಿ ರಾಶಿ ಬಿದ್ದಿವೆ. ಬಿಚ್ಚಿದ್ದು ಈ ಕೈಯೇ.

ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಒಂದು ಹಕ್ಕಿ ಎದ್ದು ಹೋಯಿತು, ಅಷ್ಟೇ.

ಮೇ 9, ಹನ್ನೊಂದು ದಾಟಿದೆ

ಟೆಂಟಿನ ಕಡ್ಡಿಗಳನ್ನು ಕಟ್ಟಿ ಊರುಗೋಲು ಮಾಡಿಕೊಂಡೆ. ಮೊದಲ ತಿರುವು ಕೂಡ ದಾಟಲಿಲ್ಲ. ಮಂಡಿ ಮಡಚಿಕೊಂಡು ಬಿದ್ದೆ, ಕಡ್ಡಿ ಮುರಿಯಿತು. ತೆವಳಿಕೊಂಡು ವಾಪಸ್ ಬಂದೆ. ಇಷ್ಟಕ್ಕೇ ಅಳು ಬಂತು. ಯಾರೂ ನೋಡುವವರಿಲ್ಲ, ಅತ್ತೆ.

ಅವಳಿಗೆ ತನ್ನ ಮೈ ಗೊತ್ತು. ಕೈ ನಡುಗಿದರೆ ನಿಲ್ಲಿಸುತ್ತಾಳೆ. ನಿಲ್ಲಿಸಿ ಚೀಲಕ್ಕೆ ಕೈ ಹಾಕುತ್ತಾಳೆ... ಅಲ್ಲಿ ಚೀಲ ಇರುವುದಿಲ್ಲ.

ಒಂದೇ ಒಂದು ಮಾತು. ಬೈಸಿಕೊಂಡರೆ ಬೈಸಿಕೊಳ್ಳುತ್ತಿದ್ದೆ. ತಿಂದ್ಯಾ ಅಂದಿದ್ದರೆ ಮುಖ ಸಿಂಡರಿಸಿ ಚೀಲದ ಕಡೆ ನೋಡುತ್ತಿದ್ದಳು. ನೋಡಿದ್ದರೆ ಸಾಕಿತ್ತು.

ಮೇ 9, ಮಧ್ಯಾಹ್ನ

ಜನ ಬಂದರು. ಮೇಲಿನಿಂದ ಇಳಿಯುತ್ತಿದ್ದ ಅಪ್ಪ, ಮಗಳು. ಚಾರಣದವರು, ಬೆನ್ನಿಗೆ ದೊಡ್ಡ ಚೀಲ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಕೆಂಪು ಚೀಲ ಬಿಚ್ಚಿ ಮಗಳ ಕೈಗೆ ಕೊಟ್ಟೆ.

"ದಾರೀಲಿ ಎಲ್ಲಾದ್ರೂ ಕೂತಿರ್ತಾಳೆ. ತೆಳ್ಳಗೆ, ನೀಲಿ ಅಂಗಿ. ಏನೇನೋ ಮಾತಾಡಿದ್ರೆ ಹೆದರಬೇಡಮ್ಮ. ಸುಮ್ನೆ ತಿನ್ನಿಸು."

"ಮಾತಾಡದೆ ಇದ್ರೆ?" ಎಂದಳು ಆ ಹುಡುಗಿ.

ಅಪ್ಪ ಅವಳ ಭುಜ ಹಿಡಿದರು. "ನಡಿ. ನಮ್ಮ ಚೀಲ ಇಲ್ಲೇ ಬಿಡೋಣ." ಬೆನ್ನಿನ ಹೊರೆ ಇಳಿಸಿಟ್ಟು ಹೊರಟರು. ಓಡಿ ಎಂದೆ. ಅವರು ಓಡಲಿಲ್ಲ, ಬೇಗ ಬೇಗ ನಡೆದರು. ಆ ಕಲ್ಲುದಾರಿಯಲ್ಲಿ ಯಾರಿಗೂ ಓಡಲಾಗುವುದಿಲ್ಲ, ಗೊತ್ತು. ಆದರೂ ಆ ನಡಿಗೆ ಕಂಡು ಮೈಯೆಲ್ಲ ಉರಿಯಿತು.

ಅಭ್ಯಾಸಬಲ. ಕೊಡುವಾಗ ಜಿಪ್ ಹಾಕಿದೆಯೇ ಎಂದು ಎಳೆದು ನೋಡಿಯೇ ಕೊಟ್ಟಿದ್ದೆ.

ಮೇ 9, ಮೂರು ಗಂಟೆ

ಅಕ್ಕನಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಛೀ, ಈಗಲೇ ಅದೆಲ್ಲ ಯಾಕೆ. ಪೇಟೆ ತಲುಪಿರುತ್ತಾಳೆ. ಅಂಗಡಿಯವನ ಹತ್ತಿರ ಚೌಕಾಸಿ ಮಾಡುತ್ತಿರುತ್ತಾಳೆ. ಜೀಪಿನಲ್ಲಿ ಬಂದು ಮೊದಲು ನನ್ನನ್ನೇ ಬೈಯುತ್ತಾಳೆ — ನನ್ನ ಟೆಂಟ್ ಕಡ್ಡಿ ಮುರಿದ್ಯಲ್ಲೇ ಅಂತ.

ಯಾರೋ ಬರುತ್ತಿದ್ದಾರೆ. ಜೀಪ್ ಅಲ್ಲ. ಸೈಕಲ್ ತಳ್ಳಿಕೊಂಡು.

ನನ್ನ ಸೈಕಲ್. ತಳ್ಳುತ್ತಿರುವುದು ಆ ಹುಡುಗಿ, ಒಬ್ಬಳೇ. ಅಪ್ಪ ಕಾಣುತ್ತಿಲ್ಲ. ಇಷ್ಟು ಬೇಗ ಹತ್ತಿ ಬಂದಿದ್ದಾಳೆ ಎಂದರೆ ಪೈಲ್ವಾನ್ ದೂರ ಹೋಗಿರಲೇ ಇಲ್ಲ. ಬೆಳಿಗ್ಗೆಯಿಂದ ಇಲ್ಲೇ, ಹತ್ತಿರದಲ್ಲೇ ಇದ್ದಳು.

ಕೂಗುತ್ತಿದ್ದೇನೆ. ಹುಡುಗಿ ತಲೆ ಎತ್ತುತ್ತಿಲ್ಲ. ಏರಿಗೆ ಉಸಿರು ಕಟ್ಟಿರಬೇಕು, ಅದಕ್ಕೇ ಇರಬೇಕು.

ಹ್ಯಾಂಡಲ್ಲಿಗೆ ಕೆಂಪು ಚೀಲ ನೇತುಹಾಕಿದ್ದಾಳೆ. ಊರಿಗೆಲ್ಲ ಕನ್ನಡಕ ಮಾಡಿಕೊಡುವವಳು ನಾನು — ಕಣ್ಣು ಕಿರಿದು ಮಾಡಿ ನೋಡುತ್ತಿದ್ದೇನೆ. ಚೀಲ ಅಲ್ಲಾಡುತ್ತಿದೆ. ತೆರೆದಿದ್ದರೆ ತಿಂದಿದ್ದಾಳೆ. ಇನ್ನೊಂದು ಸ್ವಲ್ಪ ಹತ್ತಿರ ಬಂದರೆ ಕಾಣುತ್ತದೆ... ಅದರ ಜಿಪ್ —