ತಿಪ್ಪೆಗೆ ಹೋದ ಅಂಬಲಿ ಮಡಕೆ

ಕುದೂರು, ೧೪-೦೬-೨೦೨೫, ಶನಿವಾರ.

ಕೊಂಬುಚಾ ಎಂಬ ಹುಳಿ ಚಹಾ ಮಾಡಲು ಮೊಮ್ಮಗಳು ಸಿರಿ ತರಿಸಿಕೊಂಡ ಪುಸ್ತಕವನ್ನು ಈ ದಿನ ಆಮೂಲಾಗ್ರವಾಗಿ ಓದಿದೆನು. ಪ್ರತಿ ಸಲವೂ ತಳದಲ್ಲಿ ಹಳೆಯ ಹುಳಿಯನ್ನು ಉಳಿಸಿಕೊಳ್ಳತಕ್ಕದ್ದು ಎಂದು ಅದರಲ್ಲಿದೆ. ನನ್ನ ಪತ್ನಿ ವೆಂಕಟಲಕ್ಷ್ಮಮ್ಮನ ರಾಗಿ ಅಂಬಲಿಯ ಮಡಕೆಯಲ್ಲಿಯೂ ಇದೇ ಕ್ರಮವಿತ್ತು. ಅದು ನನ್ನ ತಾಯಿಯ ಕಾಲದಿಂದ ಬಂದ ಹುಳಿ. ಹಿಂದೊಮ್ಮೆ ಬೀಗರು ಬಂದ ದಿನ, ನಾತವೆಂದು ಗದರಿ, ನಾನೇ ಮಡಕೆಯನ್ನು ತಿಪ್ಪೆಗೆ ಹಾಕಿಸಿದೆನು.

ಆ ಪುಟವನ್ನು ಪತ್ನಿಗೆ ಓದಿ ಹೇಳಿದೆನು.

"ನಾನ್ ಹೇಳ್ದಾಗ ನಾತ ಅಂದ್ರಿ. ಪುಸ್ತಕ ಹೇಳುದ್ರೆ ಕನ್ನಡಕ ಹಾಕ್ಕೊಂಡು ಓದ್ತೀರಾ?" ಎಂದಳು.

"ಅಜ್ಜಿ, ನಂಗೂ ಅಂಬಲಿ ಹುಳಿ ಮಾಡೋದು ಒಸಿ ಹೇಳ್ಕೊಡು" ಎಂದಳು ಸಿರಿ.

"ನಿಮ್ ತಾತನ್ನ ಕೇಳವ್ವ, ತಿಪ್ಪೇಲಿ ಐತೆ."

ಊರವರಿಗೆಲ್ಲ ಕ್ಷಮಾಪಣೆಯ ಅರ್ಜಿಗಳನ್ನು ಬರೆದುಕೊಟ್ಟವನು ನಾನು. ಪತ್ನಿಗೊಂದು ಬರೆಯಲು ಕುಳಿತರೆ, ಮಾನ್ಯರೇ ಎಂಬಲ್ಲಿಗೇ ಕೈ ನಿಂತಿತು.