ಹಗ್ಗದ ಮೇಲಿನ ಯೂನಿಫಾರ್ಮ್ ಮುಟ್ಟಬೇಡಿ

ಕುಮಾರೇಶ್ ಅವರಿಗೆ,

‘ರೀ’ ಅಂತ ಬರೆಯಲು ಇವತ್ತು ಮನಸ್ಸು ಬರಲಿಲ್ಲ.

ನನ್ನ ಬೈಬಲ್ ಸಿಕ್ಕಿತು. ರಾಗಿ ಡ್ರಮ್ಮಿನಲ್ಲಿ ಬಚ್ಚಿಟ್ಟಿದ್ದಿರಿ. ಈ ಮನೆಯಲ್ಲಿ ರಾಗಿ ತೆಗೆಯುವವರು ಯಾರು ಅನ್ನುವುದೂ ನಿಮಗೆ ಗೊತ್ತಿಲ್ಲ.

ಹಾಲು ಕರೆದು ಡೈರಿಗೆ ಹಾಕಿ ಬಂದಿದ್ದೇನೆ. ಸಾರು ಒಲೆಯ ಮೇಲಿದೆ. ಮುದ್ದೆ ನೀವೇ ತಿರುವಿ, ಕೈ ಸುಟ್ಟರೆ ಸುಡಲಿ. ಅತ್ತೆಗೆ ಊಟದ ಜೊತೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಡಿ. ಅದನ್ನು ಮರೆತರೆ ನಾನು ಸುಮ್ಮನಿರುವವಳಲ್ಲ.

“ಅವ್ವಂಗೆ ಗೊತ್ತಾದ್ರೆ ಮಾನ ಹೋಗ್ಬುಡ್ತದೆ, ಭಾನುವಾರ ಫ್ಯಾಕ್ಟ್ರೀಲಿ ಓಟಿ ಐತೆ ಅಂತ ಹೇಳ್ಬುಡು” ಅಂದವರು ನೀವು. ಎರಡು ವರ್ಷ ಆ ಸುಳ್ಳು ಹೇಳಿದವಳು ನಾನು. ಫ್ಯಾಕ್ಟರಿ ಯೂನಿಫಾರ್ಮ್ ತೊಟ್ಟು ಅವಲಪಲ್ಲಿಯ ಪ್ರಾರ್ಥನೆ ಸಭೆಗೆ ಹೋಗಿ, ಏಸಪ್ಪನ ಮುಂದೆ ಕಳ್ಳಿಯ ಹಾಗೆ ಮೊಣಕಾಲೂರಿದ್ದೇನೆ. ಸಂಜೆ ಬಂದರೆ ಅತ್ತೆ, “ರಜಾ ದಿನಾನೂ ದುಡೀತೀಯಲ್ಲಮ್ಮಿ” ಅಂತ ಅದೇ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾರೆ. ನಿಮ್ಮ ಬೈಗುಳ ತಡೆದುಕೊಂಡೆ, ಆ ಎಣ್ಣೆ ತಡೆಯಲಾಗುತ್ತಿಲ್ಲ.

ಬೆಳಿಗ್ಗೆ ಹಸುವಿನ ಪಕ್ಕ ಕೂತು ಏಸಪ್ಪನನ್ನು ಧೈರ್ಯ ಒಂದನ್ನೇ ಬೇಡಿದೆ. ಕೊಟ್ಟ.

ಯೂನಿಫಾರ್ಮನ್ನು ಅತ್ತೆಯ ಕಣ್ಣಿಗೆ ಬೀಳುವ ಹಾಗೆ ಹಗ್ಗದ ಮೇಲೆ ಹಾಕಿ, ಸೀರೆ ಉಟ್ಟು ಸಭೆಗೆ ಹೊರಟಿದ್ದೇನೆ. ಸಂಜೆ ಬಂದು ನಾನೇ ಅವರೆದುರು ಕೂತು ಎಲ್ಲ ಹೇಳುತ್ತೇನೆ. ಅಷ್ಟರೊಳಗೆ ಅವರು, “ಚಂದ್ರಿ ಎಲ್ಲೋದ್ಲು, ಬಟ್ಟೆ ಇಲ್ಲೇ ಐತಲ್ಲ” ಅಂತ ಕೇಳಿದರೆ ನಿಜ ಹೇಳಿ. ನಿಮಗೆ ಬಾಯಿ ಬರದಿದ್ದರೆ ಈ ಚೀಟಿಯನ್ನೇ ಜೋರಾಗಿ ಓದಿ ಹೇಳಿ.

ರಾಗಿ ಡ್ರಮ್ಮಿನ ವಿಷಯವನ್ನೂ ಬಿಡದೆ.

ಚಂದ್ರಲೇಖಾ