ಅಮ್ಮ ಹೊಸ ಹಾಯಿ ಹಿಡಿದು ಹೋದ ಬೆಳಗ್ಗೆ

ಹೊಲಿಗೆ ಕೋಣೆಯಿಂದ
ಭಾನುವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಚುಕ್ಕಿ,

ಹೇಗಿದ್ದೀಯಮ್ಮ? ಭುಜದ ನೋವು ಇಳಿಯಿತೇ? ಆ ತರಬೇತಿ ಶಿಬಿರದಲ್ಲಿ ಹೊಟ್ಟೆ ತುಂಬ ಊಟ ಹಾಕುತ್ತಾರೋ ಇಲ್ಲವೋ ಎಂದು ನಿನ್ನಮ್ಮ ದಿನಕ್ಕೆರಡು ಸಲ ನನ್ನನ್ನು ಕೇಳುತ್ತಾಳೆ, ಅಲ್ಲಿ ಬಡಿಸುವವನು ನಾನೇ ಎಂಬ ಹಾಗೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದುವಾಗ ನಿನಗೆ ಗಾಬರಿಯಾಗಬಾರದು.

ನಿನ್ನ ಹೊಸ ಹಾಯಿ ಗುರುವಾರ ಮುಗಿಯಿತು. ಗಾಳಿ ಕಡಿಮೆ ಇರುವ ದಿನದ ಪಂದ್ಯಕ್ಕೆ ಬೇಕೆಂದು ನೀನು ಕೇಳಿದ್ದ ಹಾಗೆಯೇ ಅಗಲ, ಹಾಗೆಯೇ ಹಗುರ. ಎಂದಿನಂತೆ ಕತ್ತರಿಸಿದ್ದು ಅವಳು, ಹೊಲಿದದ್ದು ನಾನು. ನಮ್ಮಲ್ಲಿಂದ ಹೊರಡುವ ಹಾಯಿಯನ್ನು ಮೊದಲು ದೋಣಿಮನೆಯ ಕಾವಲುಗಾರ ವಿಂಡ್‌ಸರ್ಫಿಂಗ್ ಹಲಗೆಗೆ ಕಟ್ಟಿಕೊಂಡು, ಅದರ ಮೇಲೆ ನಿಂತು ನೀರಿನಲ್ಲಿ ಒಂದು ಸುತ್ತು ಹೋಗಿ ಬರುವುದು, ನಾವು ದಡದಲ್ಲಿ ನಿಂತು ಬಟ್ಟೆ ಎಲ್ಲಿ ಸುಕ್ಕುಗಟ್ಟುತ್ತದೆಂದು ನೋಡುವುದು ನಿನಗೆ ಗೊತ್ತೇ ಇದೆ. ಈ ಸಲವೂ ಅವನು ತಯಾರಾಗಿ ಬಂದಿದ್ದ. ನಿನ್ನಮ್ಮ ಬೇಡ ಅಂದಳು. "ಇದನ್ನ ನಾನೇ ತಗೊಂಡು ಹೋಗ್ತೀನಿ" ಅಂದಳು. ಒಂಬತ್ತು ವರ್ಷದಿಂದ ಹಲಗೆ ಮುಟ್ಟಿದವಳಲ್ಲ. ಮೆಟ್ಟಿಲು ಹತ್ತಿದರೆ ಮೊಣಕಾಲು ಲಟಲಟ ಎನ್ನುತ್ತದೆ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಬೈದೆ. ನಿನ್ನ ಹಳೆಯ ಲೈಫ್ ಜಾಕೆಟ್ಟಿನ ಪಟ್ಟಿ ಸಡಿಲಿಸಿಕೊಳ್ಳುತ್ತ ನಿಂತಳು. ಅವಳು ಪಟ್ಟು ಹಿಡಿದರೆ ಬ್ರಹ್ಮ ಬಂದರೂ ಅಷ್ಟೇ. ನೀನೂ ಅವಳ ಮಗಳೇ, ನಿನಗೆ ಬಿಡಿಸಿ ಹೇಳಬೇಕೇ?

ಇವತ್ತು ಬೆಳಗ್ಗೆ ಎಂಟಕ್ಕೆ ನೀರಿಗೆ ಇಳಿದಳು. ಕಟ್ಟೆಯ ಮೇಲಿನ ಬಾವುಟ ಒಮ್ಮೆ ತಲೆಯೆತ್ತಿ ಮತ್ತೆ ಮಲಗುವಷ್ಟೇ ಗಾಳಿ, ಅದೂ ದಡದಿಂದ ನೀರಿನ ಕಡೆಗೆ. ಅಷ್ಟಕ್ಕೇ ಹಾಯಿ ತುಂಬಿಕೊಂಡಿತು ನೋಡು! ಹಲಗೆ ಸದ್ದಿಲ್ಲದೆ ಜಾರಿತು. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಮೊಣಕಾಲು ತುಸು ಬಗ್ಗಿಸಿ, ನಮ್ಮ ಮದುವೆಗೆ ಮುಂಚೆ ಹೇಗೆ ನಿಲ್ಲುತ್ತಿದ್ದಳೋ ಹಾಗೇ ನಿಂತಿದ್ದಳು. ನನಗೆ ಖುಷಿಯೂ ಆಯಿತು, ಸ್ವಲ್ಪ ಜಂಬವೂ ಬಂತು. ಗುರುತಿಗೆ ತೇಲಿಬಿಟ್ಟ ಕಿತ್ತಳೆ ಬೋಯೆಯ ಹತ್ತಿರ ತಿರುಗುತ್ತಾಳೆ ಅಂದುಕೊಂಡೆ. ತಿರುಗಲಿಲ್ಲ. ಹಾಯಿಯನ್ನು ಆ ಕಡೆ ಈ ಕಡೆ ವಾಲಿಸಿ, ಒಂದೊಂದು ಮೂಲೆಯ ಮೇಲೂ ಭಾರ ಹಾಕಿ ಎಳೆಯುತ್ತ ಇನ್ನೂ ಮುಂದೆ ಹೋದಳು. ಎಂಟೂವರೆಯ ಲಾಂಚ್ ಹಾದುಹೋಗುವ ದಾರಿಯ ನಟ್ಟನಡುವೆ ಗಾಳಿ ಪೂರ್ತಿ ನಿಂತುಹೋಯಿತು.

ಬಾವುಟ ಕಂಬಕ್ಕೆ ಅಂಟಿಕೊಂಡಿತು. ನಾನು ಗಡಿಯಾರ ನೋಡಿದೆ, ಎಂಟು ಇಪ್ಪತ್ತಾರು. ನೀವೆಲ್ಲ ಪಂದ್ಯದಲ್ಲಿ ಮಾಡುವ ಹಾಗೆ ಅವಳು ಹಾಯಿಯನ್ನು ಬೀಸಣಿಗೆಯಂತೆ ಎಳೆದೆಳೆದು ಬಿಡಲು ಶುರು ಮಾಡಿದಳು. ಹಲಗೆ ಎರಡು ಮಾರು ಮುಂದೆ ಬಂತು, ನಾಲ್ಕು ಮಾರು ಬಂತು. ಆಗ ನೀರಿನ ಮೇಲಿಂದ ಚರ್ರೆಂಬ ಸದ್ದು ಕೇಳಿಸಿತು. ನಲವತ್ತು ವರ್ಷ ಬಟ್ಟೆಯ ಜೊತೆ ಬಾಳಿದವನಿಗೆ ಆ ಸದ್ದು ಏನೆಂದು ಯಾರೂ ಹೇಳಬೇಕಿಲ್ಲ. ಹಿಂದಿನ ಮೂಲೆಯ ಹೊಲಿಗೆ ಬಿಟ್ಟಿತ್ತು. ಹಾಯಿ ಜೋತುಬಿತ್ತು, ಅವಳು ಅದರ ಜೊತೆಗೇ ನೀರಿಗೆ ಬಿದ್ದಳು. ತಿರುವಿನಾಚೆಯಿಂದ ಲಾಂಚ್ ಮೂತಿ ತೋರಿಸಿತು.

ಕಾವಲುಗಾರ ಕೆಂಪು ಟವೆಲ್ ಬೀಸುತ್ತ ಕಟ್ಟೆಯ ತುದಿಗೆ ಓಡಿದ. ಈಜು ಬಾರದ ನಾನು ಲೈಫ್ ಜಾಕೆಟ್ ಕೂಡ ಹಾಕಿಕೊಳ್ಳದೆ ಅವನ ಹುಟ್ಟುದೋಣಿ ಬಿಚ್ಚಿದೆ. ಹುಟ್ಟು ಹಾಕುವವನ ಬೆನ್ನು ಹೋಗುವ ದಿಕ್ಕಿಗಿರುತ್ತದಲ್ಲ, ನನಗೆ ದಡ ಕಾಣುತ್ತಿತ್ತು, ಅವಳು ಕಾಣುತ್ತಿರಲಿಲ್ಲ. ಬೆನ್ನ ಹಿಂದೆ ಹಾರ್ನ್ ಕೇಳುತ್ತಿತ್ತು, ಇಂಜಿನ್ನಿನ ಸದ್ದು ದೊಡ್ಡದಾಗುತ್ತಿತ್ತು. ಒಮ್ಮೆ ಕತ್ತು ತಿರುಗಿಸಿ ನೋಡಿದರೆ, ಹಲಗೆಯ ಮೇಲೆ ಬೋರಲು ಮಲಗಿ ಎರಡೂ ಕೈಯಲ್ಲಿ ನೀರು ತಳ್ಳುತ್ತಿದ್ದಾಳೆ, ನೆನೆದ ಹಾಯಿ ಸತ್ತ ಎಮ್ಮೆಯ ಹಾಗೆ ಹಿಂದೆ ಎಳೆಯುತ್ತಿದೆ. ಅದನ್ನು ಬಿಚ್ಚಿ ಬಿಟ್ಟುಬಿಡೇ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. "ಬಿಡಲ್ಲ. ನೀವು ಎಡಕ್ಕೆ ಬನ್ನಿ" ಎಂಬ ಉತ್ತರ ಬಂತು. ಆ ಎರಡು ನಿಮಿಷದಲ್ಲಿ ನಾನು ಅವಳನ್ನು ಎಷ್ಟು ಬೈದುಕೊಂಡೆನೋ, ಎಷ್ಟು ದೇವರಿಗೆ ಕೈಮುಗಿದೆನೋ ಲೆಕ್ಕವಿಲ್ಲ.

ಲಾಂಚಿನವನು ಟವೆಲ್ ನೋಡಿ ಇಂಜಿನ್ನನ್ನು ಹಿಂದಕ್ಕೆ ತಿರುಗಿಸಿದ್ದನಂತೆ. ಅದು ಅವಳಿಂದ ಐದು ಮಾರು ದೂರದಲ್ಲಿ ಹಾದುಹೋಯಿತು. ಅಲೆಗೆ ನನ್ನ ದೋಣಿ ತೊಟ್ಟಿಲಾಯಿತು. ಅಂಚು ಹಿಡಿದು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಅವಳ ಒದ್ದೆ ಕೈ ನನ್ನ ಕೈಯ ಮೇಲಿತ್ತು. "ಈಜು ಬರದವರು ಯಾಕ್ರೀ ಬಂದ್ರಿ?" ಎಂದಳು. ನಾನು ಅತ್ತುಬಿಟ್ಟೆ. ಇದನ್ನು ನೀನು ಅವಳ ಎದುರು ಎತ್ತಬೇಡ, ಆಗಲೇ ಕಾವಲುಗಾರನ ಹೆಂಡತಿಗೆ ಹೇಳಿ ನಕ್ಕಾಗಿದೆ.

ಅವಳ ಮೊಣಕಾಲು ಊದಿದೆ, ಅಂಗೈ ತರಚಿದೆ, ಅಷ್ಟೇ. ಈಗ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದಾಳೆ. ಹೊಲಿಗೆ ಬಿಟ್ಟದ್ದು ದಾರದ ದೋಷದಿಂದ. ಉರುಳೆ ಹಳೆಯದಿತ್ತು, ಬಿಸಿಲಿಗೆ ಕೂತು ಪಿಸಿದಿತ್ತು. ಹೊಸ ದಾರ ಹಾಕಿದರೆ ಸರಿಹೋಗುತ್ತದೆ. ಹಾಯಿಯ ಆಕಾರ ಮಾತ್ರ ಚಿನ್ನದಂಥದ್ದು, ಆ ಗಾಳಿಯಲ್ಲಿ ಬೇರೆ ಯಾವುದೂ ಕದಲುತ್ತಿರಲಿಲ್ಲ.

ನಿನ್ನ ಕೋಣೆಯ ಗೆಳತಿಗೂ, ಕೋಚ್ ಅವರಿಗೂ ನಾನು ಕೇಳಿದೆನೆಂದು ಹೇಳು. ನೀರು ನಿನ್ನನ್ನು ಕಾಪಾಡಲಿ, ಗಾಳಿ ನಿನ್ನ ಮಾತು ಕೇಳಲಿ.

ನಿನ್ನ,
ಅಪ್ಪ

ಮರೆತೆ, ಅಲ್ಲ, ಮರೆತಿರಲಿಲ್ಲ. ದಾರದ ತಪ್ಪಲ್ಲ ಚುಕ್ಕಿ. ಮೂಲೆಯ ಎರಡನೇ ಸಾಲು ಹೊಲಿಗೆ ಬಟ್ಟೆಯ ಅಂಚಿನಾಚೆ ಬಿದ್ದಿದೆ. ಆರು ತಿಂಗಳಿಂದ ನನ್ನ ಬಲಗಣ್ಣಿಗೆ ನೇರ ಗೆರೆ ನಡುವೆ ಸೊಟ್ಟಗೆ ಕಾಣುತ್ತಿದೆ, ಯಾರಿಗೂ ಹೇಳಲಿಲ್ಲ. ಹೋದ ತಿಂಗಳು ನಿನಗೆ ಕಳಿಸಿದ ಹಳದಿ ಹಾಯಿಯನ್ನೂ ಹೊಲಿದದ್ದು ಇದೇ ಕಣ್ಣು. ಅದನ್ನು ತೆಗೆದಿಡಿಸಿ ಎಂದು ನಿಮ್ಮ ಕೋಚ್ ಅವರಿಗೆ ಈಗಷ್ಟೇ ಫೋನ್ ಮಾಡಿದೆ. ಕಾರಣ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನಮ್ಮನನ್ನು ಎಬ್ಬಿಸಿ ಅವಳಿಗೂ ಹೇಳಿದೆ. "ನೀವಾಗೇ ಹೇಳ್ತೀರೇನೋ ಅಂತ ಕಾದೆ. ಹೇಳಲಿಲ್ಲ. ಹೊಲಿಗೆ ಬಿಡೋದಾದ್ರೆ ನನ್ನ ಕೈಲೇ ಬಿಡಲಿ ಅಂತ ಹೋದೆ" ಅಂದಳು. ನಾಳೆ ಹತ್ತು ಗಂಟೆಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ, ಅವಳು ಕುಂಟಿಕೊಂಡು, ನಾನು ಅವಳ ಕೈ ಹಿಡಿದುಕೊಂಡು.